ನೆಲದ ಮೇಲೆ ವೈರು ಬೇಡ

ನಮ್ಮ ಭಾವ ಎಲ್ಲರ ಹಾಗೆ ಎದ್ದು, ಹಲ್ಲುಜ್ಜಿ, ಕಾಫಿ ಕುಡಿದು, ಪೇಪರು ತಡವಾಯಿತೆಂದು ಗೊಣಗಿದ ಕೊನೆಯ ದಿನ ನಾನು ಅವರ ಮನೆಯಲ್ಲೇ ಇದ್ದೆ. ಅಂದು ಅವರೊಡನೆ ಜಗಳವನ್ನೂ ಆಡಿದೆ. ಜಗಳ ಆಸ್ತಿಗಾಗಿ ಅಲ್ಲ, ಒಂದು ವೈರಿಗಾಗಿ. ನಾಲ್ಕು ಮಾರು ಉದ್ದದ, ಕಪ್ಪು ಬಣ್ಣದ, ಯಾರಿಗೂ ಕೇಡು ಬಯಸದ ಒಂದು ಕೇಬಲ್ಲಿಗಾಗಿ!

ಭಾವನ ಬಗ್ಗೆ ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ನಂಬುವುದು ಬಿಡುವುದು ನಿಮಗೆ ಸೇರಿದ್ದು. ಕೆಲಸಕ್ಕೆ ಸೇರಿದ ದಿನದಿಂದ ನಿವೃತ್ತಿಯವರೆಗೆ ರಾಕೆಟ್ಟಿನೊಳಗೆ ವೈರು ಕಟ್ಟಿ ಸಂಬಳ ಪಡೆದ ಮನುಷ್ಯ, ತನ್ನ ಮನೆಯ ನೆಲದ ಮೇಲೆ ಒಂದು ವೈರು ಕಂಡರೆ ಹಾವು ಕಂಡವರಂತೆ ಕೂಗಿಕೊಳ್ಳುತ್ತಿದ್ದರು.

ಭಾವ ಎಂದರೆ ನನ್ನ ಅಕ್ಕನ ಗಂಡ. ಮೈಸೂರಿನವರು. ತಿರುವನಂತಪುರದ ಬಾಹ್ಯಾಕಾಶ ಸಂಸ್ಥೆಯಲ್ಲಿ ಕೆಲಸ ಸಿಕ್ಕಿ ಹೋದವರು ಅಲ್ಲೇ ಉಳಿದರು. ವಿಜ್ಞಾನಿಯೇ ಎಂದು ಯಾರಾದರೂ ಕೇಳಿದರೆ, "ಅಲ್ಲ ಸ್ವಾಮಿ, ನಾನು ಹೂ ಕಟ್ಟೋನು" ಎನ್ನುತ್ತಿದ್ದರು. ಅದು ಸುಳ್ಳೂ ಅಲ್ಲ. ನೂರಾರು ವೈರುಗಳನ್ನು ಜೋಡಿಸಿ, ಮೇಣ ಸವರಿದ ದಾರದಿಂದ ಮಾಲೆಯಂತೆ ಗಂಟು ಹಾಕುತ್ತಾ ಹೋಗುವುದು ಅವರ ಕೆಲಸ. ಒಂದು ಗಂಟು ಸಡಿಲವಾದರೂ ರಾಕೆಟ್ಟು ಸಮುದ್ರಕ್ಕೆ ಬಿದ್ದೀತು ಎಂಬ ಭಯದಲ್ಲಿ ಬೆಳೆದ ಬೆರಳುಗಳು ಮನೆಯಲ್ಲಿ ಸುಮ್ಮನಿರುತ್ತವೆಯೇ? ಕೊತ್ತಂಬರಿ ಕಟ್ಟಿಗೂ ಅದೇ ಗಂಟು. ರವೆ ಪೊಟ್ಟಣಕ್ಕೂ ಅದೇ ಗಂಟು. ಉಪ್ಪಿಟ್ಟು ಬೇಕಾದರೆ ಅಕ್ಕ ಮೊದಲು ಕತ್ತರಿ ಹುಡುಕಬೇಕು! ಒಮ್ಮೆ ಚಾಲೈ ಪೇಟೆಯಲ್ಲಿ ಹೂವಿನ ಚೇಚಿ, ಎಂದರೆ ಹೂ ಮಾರುವ ಅಕ್ಕ, ಕಟ್ಟುತ್ತಿದ್ದ ಮಲ್ಲಿಗೆ ಮಾಲೆಯನ್ನು ಇವರು ಕೈಯಿಂದ ಕಿತ್ತುಕೊಂಡು, "ಹೀಗಲ್ಲ, ಹೀಗೆ" ಎಂದು ತಮ್ಮ ಗಂಟಿನಲ್ಲಿ ಕಟ್ಟಿ ತೋರಿಸಿದರು. ಆಕೆ ಮಾಲೆಯನ್ನು ಎಳೆದು ನೋಡಿದಳು, ಜಗ್ಗಿ ನೋಡಿದಳು, ಕೊನೆಗೆ ಅಕ್ಕನ ಕಡೆ ತಿರುಗಿ ಇದನ್ನು ಮುಡಿಯಲು ಕೊಟ್ಟರೋ, ದೋಣಿ ಕಟ್ಟಲೋ ಎಂದು ಕೇಳಿದಳು.

ಇಂಥವರು ನಿವೃತ್ತರಾದ ವರ್ಷ ಒಂದು ಶಪಥ ಮಾಡಿದರು. "ಜೀವಮಾನಕ್ಕೆ ಸಾಕಾಗುವಷ್ಟು ವೈರು ನೋಡಿದೀನಿ. ಇನ್ನು ಈ ಮನೆಯಲ್ಲಿ ನೆಲದ ಮೇಲೆ ಒಂದು ವೈರು ಇರಕೂಡದು."

ನಾವೆಲ್ಲ ನಕ್ಕೆವು. ಮುದುಕರಾಗುತ್ತಾ ಜನ ತೀರ್ಥಯಾತ್ರೆ ಮಾಡುತ್ತಾರೆ, ಇವರು ವೈರು ಬಿಟ್ಟರು ಎಂದೆವು. ಆದರೆ ಅವರು ಮಾಡಿಯೇ ಬಿಟ್ಟರಲ್ಲ! ಟಿವಿ ಗೋಡೆಗೇರಿತು, ಅದರ ವೈರು ಗೋಡೆಯೊಳಗೆ ಹೂತುಹೋಯಿತು. ಮಿಕ್ಸಿ ಅಡುಗೆಕಟ್ಟೆಯ ಮೂಲೆ ಬಿಟ್ಟು ಅಲುಗುವಂತಿರಲಿಲ್ಲ. ತಿರುವನಂತಪುರದ ಸೆಕೆಯಲ್ಲಿ ಟೇಬಲ್ ಫ್ಯಾನನ್ನು ಗಡೀಪಾರು ಮಾಡಿದರು! ಮೊಬೈಲು ಚಾರ್ಜ್ ಮಾಡಲು ಬಾಗಿಲ ಪಕ್ಕದಲ್ಲಿ, ತಲೆಗಿಂತ ಎತ್ತರದಲ್ಲಿ ಒಂದು ಹಲಗೆ ಹೊಡೆಸಿದರು. ಚಾರ್ಜಿಗೆ ಹಾಕಿದಾಗ ಫೋನು ಬಂದರೆ ನೆಂಟರು ತುದಿಗಾಲಲ್ಲಿ ನಿಂತು, ಕತ್ತು ಮೇಲೆತ್ತಿ ಮಾತಾಡಬೇಕು. ನಾನೊಮ್ಮೆ ಹಾಗೆ ನಿಂತು ನನ್ನ ಮ್ಯಾನೇಜರಿಂದ ಬೈಸಿಕೊಂಡೆ. ಕೈ ಮೇಲೆತ್ತಿ ಬೈಸಿಕೊಂಡರೆ ಪೊಲೀಸರಿಗೆ ಶರಣಾದ ಹಾಗೆ ಕಾಣುತ್ತದೆ.

ಇಷ್ಟು ಪೀಠಿಕೆ ಏಕೆಂದರೆ, ಆ ದಿನದ ಜಗಳ ನಿಮಗೆ ಅರ್ಥವಾಗಬೇಕು.

ಅಕ್ಕ-ಭಾವನಿಗೆ ಒಬ್ಬಳೇ ಮಗಳು, ಶ್ರುತಿ. ತಿರುವನಂತಪುರದಲ್ಲೇ ಹುಟ್ಟಿ ಬೆಳೆದವಳು. ನಾವು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಮಲಯಾಳದಲ್ಲಿ ಉತ್ತರ ಕೊಡುತ್ತಾಳೆ. ಕೊಚ್ಚಿಯಲ್ಲಿ ಕರಿಮೀನಿನ ಬಗ್ಗೆ ಪಿಎಚ್‌ಡಿ ಮಾಡುತ್ತಿದ್ದಳು. "ನಮ್ಮ ವಂಶದಲ್ಲಿ ಮೀನು ತಿಂದವರೇ ಇಲ್ಲ. ಮೀನಿನ ಹೊಟ್ಟೆ ಬಗೆದು ಡಾಕ್ಟರ್ ಆಗ್ತಿರೋಳು ಇವಳೊಬ್ಬಳೇ" ಎಂದು ಭಾವ ಹೋದಲ್ಲೆಲ್ಲ ಹೇಳಿಕೊಳ್ಳುತ್ತಿದ್ದರು. ಅವಳ ಕೊನೆಯ ಮೌಖಿಕ ಪರೀಕ್ಷೆ, ಎಲ್ಲರೂ ಕರೆಯುವ ಹಾಗೆ 'ವೈವಾ', ನಿಗದಿಯಾಗಿತ್ತು. ಯಾರು ಬೇಕಾದರೂ ಕುಳಿತು ನೋಡಬಹುದಾದ ಪರೀಕ್ಷೆ ಅದು. ಭಾವ ಅದಕ್ಕೆಂದೇ ಹೊಸ ಶರ್ಟು ಹೊಲಿಸಿಟ್ಟಿದ್ದರು.

ಅಷ್ಟರಲ್ಲಿ ಭಾವನಿಗೆ ಎದೆನೋವು ಬಂತು. ಆಸ್ಪತ್ರೆಗೆ ಸೇರಿಸಿ, ರಕ್ತನಾಳಕ್ಕೆ ಸ್ಟೆಂಟ್ ಹಾಕಿ ಮನೆಗೆ ಕಳುಹಿಸಿದರು. ಪ್ರಯಾಣ ಬೇಡ, ಮೆಟ್ಟಿಲು ಬೇಡ, ಉದ್ವೇಗ ಬೇಡ ಎಂದರು ಡಾಕ್ಟರು. ಭಾವ ಕೊಚ್ಚಿಗೆ ಹೋಗುವಂತಿಲ್ಲ. ಅವರನ್ನು ಬಿಟ್ಟು ಅಕ್ಕನೂ ಹೋಗುವುದಿಲ್ಲ. ಶ್ರುತಿ ಇಂಟರ್ನೆಟ್ಟಿನಲ್ಲಿ ನೋಡುವ ವ್ಯವಸ್ಥೆ ಮಾಡಿಸಿ ಲಿಂಕ್ ಕಳುಹಿಸಿದಳು. ಭಾವನ ಲ್ಯಾಪ್‌ಟಾಪಿನಲ್ಲಿ ನೋಡಬಹುದು. ಅಲ್ಲಿಗೆ ಮುಗಿಯಿತಲ್ಲ?

ಮುಗಿಯಲಿಲ್ಲ. ಅಕ್ಕನ ಕಣ್ಣು ಕೆಲವು ವರ್ಷಗಳಿಂದ ಮಂದವಾಗುತ್ತಾ ಬಂದಿತ್ತು. ಕಣ್ಣಿನ ನರ ನಿಧಾನವಾಗಿ ಸೊರಗುವ ಕಾಯಿಲೆ. ಲ್ಯಾಪ್‌ಟಾಪಿನ ಪರದೆಯಲ್ಲಿ ಮಗಳ ಮುಖ ಅವಳಿಗೆ ಒಂದು ಬಿಳಿ ಚುಕ್ಕೆ ಅಷ್ಟೆ. ದೊಡ್ಡ ಟಿವಿಯಾದರೆ ಹತ್ತಿರ ನಿಂತು ಮುಖ ಗುರುತಿಸುತ್ತಿದ್ದಳು. ಮಗಳು ಡಾಕ್ಟರ್ ಆಗುವುದನ್ನು ಅವಳು ನೋಡಬೇಕಾದರೆ ಲ್ಯಾಪ್‌ಟಾಪಿನಲ್ಲಿದ್ದದ್ದು ಟಿವಿಗೆ ಬರಲೇಬೇಕು. ವೈರು ಹಾಕಿದರೆ ಅರೆಕ್ಷಣದ ಕೆಲಸ. ಭಾವ ವೈರು ಹಾಕುವುದಿಲ್ಲ!

"ಈಗ ಎಲ್ಲ ಗಾಳಿಯಲ್ಲೇ ಹೋಗತ್ತೆ ಕಣಯ್ಯ," ಎಂದರು ಫೋನಿನಲ್ಲಿ. "ಲ್ಯಾಪ್‌ಟಾಪಿನ ಪರದೆ ಹೇಗಿದೆಯೋ ಹಾಗೇ ಟಿವಿ ಮೇಲೆ ಬರತ್ತೆ."

"ಹೊಸ ಲ್ಯಾಪ್‌ಟಾಪಿಗೆ ಬರತ್ತೆ ಭಾವ. ನಿಮ್ಮದು..."

"ನನ್ನದಕ್ಕೇನಾಗಿದೆ?"

ಏನಾಗಿರಲಿಲ್ಲ ಎಂದು ಕೇಳಬೇಕಿತ್ತು. ನಿವೃತ್ತಿಯ ಹೊತ್ತಿಗೆ ಕೊಂಡ ಯಂತ್ರ ಅದು. ಅದರ ಭಾರಕ್ಕೆ ವಿಳಿಂಜಂ ಬಂದರಿನ ಕ್ರೇನು ಬೇಕು. ಗುಂಡಿ ಒತ್ತಿ ಅಕ್ಕ ಹುರುಳಿಕಾಯಿ ಹೆಚ್ಚಲು ಕೂತರೆ, ಪಲ್ಯ ಒಲೆಯ ಮೇಲೇರುವ ಹೊತ್ತಿಗೆ ಅದು ಕಣ್ಣು ಬಿಡುತ್ತಿತ್ತು. ಬ್ಯಾಟರಿ ಸತ್ತು ಕಾಲವಾಗಿತ್ತು. ಪ್ಲಗ್ಗಿನ ಪಕ್ಕದ ಮೇಜು ಬಿಟ್ಟು ಕದಲುವಂತಿಲ್ಲ. ಆ ಮೇಜು ಹಾಲಿನ ಈ ತುದಿ, ಟಿವಿ ಆ ತುದಿ. ಮೇಲಿನ ಮನೆಯ ಹುಡುಗಿ, ಕಳಕ್ಕೂಟಂನ ಐಟಿ ಪಾರ್ಕಿನಲ್ಲಿ ಕೆಲಸ ಮಾಡುವವಳು, ಬಂದು ನೋಡಿದಳು. ಇದು ಗಾಳಿಯಲ್ಲಿ ಚಿತ್ರ ಕಳುಹಿಸುವ ಕಾಲದ ಮೊದಲ ಪೀಳಿಗೆಯದು, ಮನಸ್ಸು ಬಂದರೆ ಕಳುಹಿಸೀತು, ಇಲ್ಲದಿದ್ದರೆ ಇಲ್ಲ ಎಂದು ಹೇಳಿ, ಯಂತ್ರಕ್ಕೆ ಕೈಮುಗಿದು ಹೋದಳು. ಆಮೇಲೆ ನಾನು ಬಂದಾಗ ನನ್ನ ಫೋನಿನಿಂದಾದರೂ ಟಿವಿಗೆ ಕಳುಹಿಸೋಣವೆಂದರೆ ಅವೆರಡಕ್ಕೂ ಜಾತಕ ಕೂಡಲಿಲ್ಲ.

ಭಾವ ಛಲ ಬಿಡದೆ ತಾಲೀಮು ಶುರು ಮಾಡಿದರು. ಮೊದಲ ತಾಲೀಮಿನ ಕಥೆ ಆ ಕಟ್ಟಡದಲ್ಲಿ ಇಂದಿಗೂ ಪ್ರಸಿದ್ಧ. ಆಸ್ಪತ್ರೆಯಲ್ಲಿ ಕೊಟ್ಟಿದ್ದ ಅವರದೇ ಆಂಜಿಯೋಗ್ರಾಮ್ ವಿಡಿಯೋ ಲ್ಯಾಪ್‌ಟಾಪಿನಲ್ಲಿತ್ತು. ಪರೀಕ್ಷೆಗೆಂದು ಅದನ್ನೇ ಹಚ್ಚಿ, ಟಿವಿಯ ಹೆಸರು ಒತ್ತಿದರು. 'ಸಂಪರ್ಕಗೊಂಡಿದೆ' ಎಂದು ಲ್ಯಾಪ್‌ಟಾಪು ಹೇಳಿತು. ಟಿವಿ ಮಾತ್ರ ಕಪ್ಪಗೆ ಕುಳಿತಿತ್ತು. ಹಾಗಾದರೆ ಸಂಪರ್ಕಗೊಂಡದ್ದು ಯಾರಿಗೆ? ಅಷ್ಟರಲ್ಲಿ ಕೆಳಗಿನ ಮನೆಯ ಶಾರದ ಚೇಚಿ ಏದುಸಿರು ಬಿಡುತ್ತಾ ಮೆಟ್ಟಿಲೇರಿ ಬಂದರು.

"ಸಾರೇ, ಸಾರಿಂಡೆ ಹೃದಯಂ ಎಂಡೆ ಟಿವಿಯಿಲ್ ವನ್ನು!"

ಭಾವನ ಹೃದಯ ಆಕೆಯ ಟಿವಿಯಲ್ಲಿ ಬಂದಿತ್ತು! ಎರಡೂ ಮನೆಯ ಟಿವಿ ಒಂದೇ ಕಂಪನಿಯವು, ಪಟ್ಟಿಯಲ್ಲಿ ಒಂದೇ ಹೆಸರು. ಧಾರಾವಾಹಿಯ ನಡುವೆ ಏನೋ ಅನುಮತಿ ಕೇಳಿತಂತೆ, ಆಕೆ ಓಕೆ ಒತ್ತಿದರಂತೆ. ಧಾರಾವಾಹಿಯ ಸೊಸೆ ಅಳುತ್ತಿದ್ದವಳು ಮಾಯವಾಗಿ, ಕಪ್ಪು ಬಿಳುಪಿನ ಹೃದಯವೊಂದು, ಮೂಲೆಯಲ್ಲಿ ಭಾವನ ಹೆಸರಿನೊಡನೆ, ಲಬ್ ಡಬ್ ಎಂದು ಬಡಿದುಕೊಳ್ಳತೊಡಗಿತಂತೆ.

ಅಕ್ಕ ಅಡುಗೆಮನೆಯಿಂದಲೇ ಹೇಳಿದಳು: "ಮದುವೆಯಾಗಿ ಇಷ್ಟು ವರ್ಷ ಆಯ್ತು, ನನಗೆ ಒಂದ್ಸಲ ತೋರಿಸಲಿಲ್ಲ ನೋಡಿ."

ಅಂದೇ ಭಾವ ತಮ್ಮ ಟಿವಿಗೆ ಹೊಸ ಹೆಸರಿಟ್ಟರು: ಮೈಸೂರು. ಕೇರಳದಲ್ಲಿ ಕೂದಲು ನರೆತರೂ ಊರಿಗೆ ಹಿಂದಿರುಗದ ಮನುಷ್ಯ, ದಿನವಿಡೀ "ಮೈಸೂರು ಸಿಗ್ತಾ ಇದೆಯಾ ನೋಡು", "ಮೈಸೂರು ಬಿಟ್ಟುಹೋಯ್ತು" ಎನ್ನುತ್ತಾ ಓಡಾಡುವುದನ್ನು ಕೇಳಬೇಕಿತ್ತು!

ವೈವಾದ ಹಿಂದಿನ ಸಂಜೆ ನಾನು ಎರ್ನಾಕುಲಂನಿಂದ ರೈಲು ಹತ್ತಿ ಬಂದೆ. ನಾನು ಕೊಚ್ಚಿಯ ಬ್ಯಾಂಕಿನಲ್ಲಿ ಇರುವವನು. ಶ್ರುತಿಯ ಪರೀಕ್ಷೆ ನನ್ನ ಮನೆಯಿಂದ ಬಸ್ಸಿನ ದಾರಿ. ಆದರೂ ಭಾವ ನನ್ನನ್ನು ತಿರುವನಂತಪುರಕ್ಕೆ ಕರೆಸಿದರು. "ಅಲ್ಲಿ ಪರೀಕ್ಷಕರಿದ್ದಾರೆ. ಇಲ್ಲಿ ಟಿವಿ ಸ್ಟೇಷನ್ನಿಗೆ ಜನ ಇಲ್ಲ." ರೈಲ್ವೆ ಸ್ಟೇಷನ್ನಿನಿಂದ ಬರುವಾಗ ಪಳವಂಗಾಡಿ ಗಣಪತಿಗೆ ತೆಂಗಿನಕಾಯಿ ಒಡೆದು ಬಾ ಎಂದೂ ಅಪ್ಪಣೆಯಾಗಿತ್ತು. ಒಡೆದೆ. ಬ್ಯಾಗಿನ ತಳದಲ್ಲಿ, ಪಂಚೆಯ ಮಡಿಕೆಯೊಳಗೆ, ಎರ್ನಾಕುಲಂನಲ್ಲಿ ಕೊಂಡ ಕೇಬಲ್ಲಿತ್ತು. ಗಣಪತಿಯ ಮೇಲೆ ಭಕ್ತಿಯಿದೆ. ಆ ಲ್ಯಾಪ್‌ಟಾಪಿನ ಮೇಲೆ ಇರಲಿಲ್ಲ.

ಬೆಳಿಗ್ಗೆ ಅಕ್ಕ ನನ್ನನ್ನು ಅಡುಗೆಮನೆಗೆ ಕರೆದಳು. ದನಿ ತಗ್ಗಿಸಿ, "ಅವರ ಮುಖ ನೋಡ್ತಾ ಇರು ಕಣೋ. ಬೆವರು ಬಂದ್ರೆ, ಎದೆ ಮೇಲೆ ಕೈ ಹೋದ್ರೆ ತಕ್ಷಣ ಹೇಳು. ನನಗೆ ಇಲ್ಲಿಂದ ಕಾಣಲ್ಲ" ಎಂದಳು.

"ಅವರಿಗೆ ಹೇಳು, ವೈರು ಹಾಕೋಣ ಅಂತ."

"ನಾನು ಹೇಳಲ್ಲಪ್ಪ," ಎಂದು ಕಾಫಿ ಸೋಸಲು ತಿರುಗಿದಳು.

ಹೀಗೆ ನನಗೆ ಎರಡು ಕೆಲಸವಾಯಿತು. ಒಂದು ಕಣ್ಣು ಟಿವಿಯ ಮೇಲೆ, ಒಂದು ಕಣ್ಣು ಭಾವನ ಹಣೆಯ ಮೇಲೆ.

ಭಾವ ಹೊಸ ಶರ್ಟು ತೊಟ್ಟು, ಸ್ನಾನದ ವಿಭೂತಿಯಲ್ಲಿ ಲ್ಯಾಪ್‌ಟಾಪಿನ ಮುಂದೆ ಕೂತಿದ್ದರು. ಅವರ ಮನೆಯಲ್ಲಿ ಯಾವ ದೊಡ್ಡ ಕೆಲಸವಾದರೂ ಉಡಾವಣೆಯ ಕ್ರಮದಲ್ಲೇ ಆಗಬೇಕು. ಪ್ರತಿಯೊಂದು ಕೇಂದ್ರವನ್ನೂ ಸಿದ್ಧವೇ ಎಂದು ಕೇಳಬೇಕು, ಎಲ್ಲರೂ ರೆಡಿ ಎನ್ನಬೇಕು, ಒಬ್ಬರು ಇಲ್ಲವೆಂದರೂ ತಡೆ. ಕೊನೆಗೆ ಅವರು 'ಗೋ' ಎಂದರೆ ಮಾತ್ರ ಮುಂದೆ. ಶ್ರುತಿಯ ಕಿವಿ ಚುಚ್ಚಿಸಿದ್ದು, ಗ್ಯಾಸ್ ಸಿಲಿಂಡರು ಬದಲಾಯಿಸುವುದು, ಎಲ್ಲವೂ ಹೀಗೇ.

"ಅಡುಗೆಮನೆ?"

"ರೆಡಿ," ಅಕ್ಕ ಅಲ್ಲಿಂದಲೇ ಕೂಗಿದಳು. "ಕಾಫಿ ಆರ್ತಾ ಇದೆ."

"ಕಾಫಿ ವಿಷಯ ಕೇಳಲಿಲ್ಲ. ಟಿವಿ ಸ್ಟೇಷನ್?"

"ರೆಡಿ," ಎಂದೆ ರಿಮೋಟು ಹಿಡಿದು.

"ಕೆಳಗಿನ ಮನೆ?"

ಬಾಗಿಲಲ್ಲಿ ನಿಂತಿದ್ದ ಶಾರದ ಚೇಚಿ ತಮ್ಮ ಟಿವಿಯನ್ನು ಸ್ವಿಚ್ಚಿನಲ್ಲೇ ಆರಿಸಿ ಬಂದಿರುವುದಾಗಿ ಗಂಭೀರವಾಗಿ ವರದಿ ಮಾಡಿದರು.

"ಕೊಚ್ಚಿ?" ಎಂದು ಭಾವ ಫೋನಿನ ಸ್ಪೀಕರಿಗೆ ಬಾಯಿಟ್ಟರು.

"ಅಪ್ಪಾ, ಪ್ಲೀಸ್. ಎನಿಕ್ಕ್ ಟೆನ್ಷನ್ ಆಣ್," ಎಂದಳು ಶ್ರುತಿ.

"ರೆಡಿಯೋ ಅಲ್ಲವೋ ಅಷ್ಟು ಹೇಳು."

"ಅಪ್ಪಾ! ಒನ್ನು ಮಿಂಡಾದಿರಿಕ್ಕ್!"

ಸುಮ್ಮನಿರಿ ಎಂದು ಹೇಳಿ ಫೋನು ಇಟ್ಟೇಬಿಟ್ಟಳು. ಭಾವ ನಮ್ಮ ಕಡೆ ತಿರುಗಿ, "ಕೊಚ್ಚಿಯಿಂದ ಸಿಗ್ನಲ್ ಬಲವಾಗಿದೆ" ಎಂದರು. "ಗೋ!"

ಮೈಸೂರಿನ ಮೇಲೆ ಒತ್ತಿದರು. ಚುಕ್ಕೆಗಳು ಸುತ್ತತೊಡಗಿದವು. ಸುತ್ತಿದವು. ಸುತ್ತುತ್ತಲೇ ಇದ್ದವು. 'ಸಂಪರ್ಕ ಸಾಧ್ಯವಾಗಲಿಲ್ಲ.'

ಮತ್ತೊಮ್ಮೆ. ಸಾಧ್ಯವಾಗಲಿಲ್ಲ. ಟಿವಿ ಆರಿಸಿ ಹಚ್ಚಿದೆ. ಸಾಧ್ಯವಾಗಲಿಲ್ಲ. ಲ್ಯಾಪ್‌ಟಾಪನ್ನೇ ಆರಿಸಿ ಹಚ್ಚೋಣವೆಂದರೆ ಅದು ಎದ್ದು ಕೂರುವ ಹೊತ್ತಿಗೆ ಶ್ರುತಿಗೆ ಪದವಿಯೇ ಸಿಕ್ಕಿರುತ್ತದೆ! ಯಂತ್ರ ಬಿಸಿಯಾಗಿ ಅದರೊಳಗಿನ ಫ್ಯಾನು ಒರಲತೊಡಗಿತು. ಭಾವ ಬೀಸಣಿಗೆ ತರಿಸಿ ಅದಕ್ಕೆ ಗಾಳಿ ಹಾಕಿದರು. ಚಿಕ್ಕ ಪರದೆಯಲ್ಲಿ ಆಗಲೇ ಕೊಚ್ಚಿಯ ಸಭಾಂಗಣ ಕಾಣುತ್ತಿತ್ತು. ಸೀರೆಯುಟ್ಟು ಶ್ರುತಿ ಎದ್ದು ನಿಂತಳು.

"ಶುರುವಾಯ್ತಾ?" ಅಕ್ಕ ಕೈ ಒರೆಸಿಕೊಳ್ಳುತ್ತಾ ಬಂದು ಸೋಫಾದಲ್ಲಿ ಕೂತು, ಕಪ್ಪು ಟಿವಿಯ ಕಡೆಗೇ ಮುಖ ಮಾಡಿದಳು. "ಶ್ರುತಿ ಬಂದ್ಲಾ? ಯಾವ ಸೀರೆ?"

ಭಾವನ ಹಣೆಯಲ್ಲಿ ಬೆವರು ಮೂಡಿತ್ತು.

ನಾನು ಎದ್ದು ಬ್ಯಾಗಿನಿಂದ ಕೇಬಲ್ ತಂದೆ. ಅದನ್ನು ನೋಡಿದ ಭಾವನ ಮುಖ, ಅಳಿಯ ಕಳ್ಳನೆಂದು ತಿಳಿದ ಮಾವನ ಮುಖದಂತಾಯಿತು.

"ಅದೇನು?"

"ಭಾವ, ಹಟ ಸಾಕು. ಇಲ್ಲಿಂದ ಅಲ್ಲಿಗೆ ಎಳೀತೀನಿ. ಮುಗಿದ ತಕ್ಷಣ ಸುತ್ತಿ ಇಟ್ಟುಬಿಡ್ತೀನಿ."

"ನನ್ನ ಮನೆ ನೆಲದ ಮೇಲೆ ವೈರು ಬೇಡ."

"ಮಗಳು ಅಲ್ಲಿ ನಿಂತಿದ್ದಾಳೆ! ಅಕ್ಕ ಕಪ್ಪು ಟಿವಿ ನೋಡ್ತಾ ಕೂತಿದ್ದಾಳೆ! ನಿಮ್ಮ ಶಪಥ ದೊಡ್ಡದಾ?"

"ದೊಡ್ಡದು," ಎಂದರು. ನಗಲಿಲ್ಲ. ಅವರು ನನ್ನೊಡನೆ ನಗದೆ ಮಾತಾಡಿದ್ದು ಆವರೆಗೆ ನೆನಪಿರಲಿಲ್ಲ. "ಬ್ಯಾಗಿನಲ್ಲಿಡು."

ನನಗೂ ಸಿಟ್ಟು ನೆತ್ತಿಗೇರಿತು. "ನಿಮ್ಮಂಥ ಮೊಂಡರನ್ನ ನಾನು ನೋಡಿಲ್ಲ" ಎಂದೆ. ಇನ್ನೂ ಏನೋ ಅಂದೆ. ಶಾರದ ಚೇಚಿ ಕನ್ನಡ ತಿಳಿಯದಿದ್ದರೂ ಎಲ್ಲ ತಿಳಿದವರಂತೆ ಗೋಡೆ ನೋಡಿದರು. ಅಕ್ಕ ನಮ್ಮಿಬ್ಬರ ನಡುವೆ ಬರಲಿಲ್ಲ. "ಅವರ ಮುಖ ಹೇಗಿದೆ?" ಎಂದಷ್ಟೇ ನನ್ನನ್ನು ಕೇಳಿದಳು. ನಾನು ಕೇಬಲ್ಲನ್ನು ಬ್ಯಾಗಿಗೆ ತುರುಕಿದೆ.

ಭಾವ ಕಣ್ಣು ಮುಚ್ಚಿ ಕೂತರು. ಎದೆನೋವೇ ಎಂದು ನಾನು ಎದ್ದೇಬಿಟ್ಟೆ. ಅವರು ಬೆರಳೆತ್ತಿ ನನ್ನನ್ನು ತಡೆದರು. ಯೋಚಿಸುತ್ತಿದ್ದರು.

"ಇದರ ನೆನಪಿನಲ್ಲಿ ಇನ್ನೂ ಶಾರದ ಚೇಚಿ ಇದ್ದಾರೆ," ಎಂದರು.

"ಅಂದ್ರೆ?"

"ಮೊದಲು ಅವರ ಟಿವಿಗೆ ಹೋಗಿತ್ತಲ್ಲ. ನಾನು ಮೈಸೂರು ಅಂದ್ರೂ ಇದು ಹಳೇ ಜಾಗಾನೇ ಹುಡುಕ್ತಾ ಇದೆ. ಎರಡನ್ನೂ ಅಳಿಸಿ, ಹೊಸದಾಗಿ ಪರಿಚಯ ಮಾಡಿಸಬೇಕು."

ಅಳಿಸಿದರು. ಚುಕ್ಕೆಗಳು ಸುತ್ತಿದವು. ಪಟ್ಟಿಯಲ್ಲಿ ಮೈಸೂರು ಎಂದು ಮೂಡಿತು. ಒತ್ತಿದರು. ಮತ್ತೆ ಚುಕ್ಕೆಗಳು. ನಾನು ಗಣಪತಿಗೆ ಇನ್ನೊಂದು ಕಾಯಿ ಹೇಳಿಕೊಂಡೆ. ಟಿವಿ ಒಮ್ಮೆ ಮಿನುಗಿತು, ಕಪ್ಪಾಯಿತು, ಮತ್ತೆ ಮಿನುಗಿತು. ಗೋಡೆಯ ತುಂಬ ಶ್ರುತಿ ನಿಂತಿದ್ದಳು!

"ಹಸಿರು ಸೀರೆ," ಎಂದಳು ಅಕ್ಕ.

ಶಾರದ ಚೇಚಿ ಚಪ್ಪಾಳೆ ತಟ್ಟಿದರು. ಭಾವ ನನ್ನ ಕಡೆ ತಿರುಗಿ ಹುಬ್ಬು ಹಾರಿಸಿದರು. ಆ ಹುಬ್ಬಿಗೆ ಉತ್ತರ ಕೊಡುವಷ್ಟು ದೊಡ್ಡ ಮನಸ್ಸು ನನಗೆ ಆಗ ಇರಲಿಲ್ಲ.

ಕರಿಮೀನಿನ ಕಥೆ ಮುಗಿದು ಪ್ರಶ್ನೆಗಳು ಶುರುವಾದವು. ಕನ್ನಡಕದ ಪರೀಕ್ಷಕರೊಬ್ಬರು ಉದ್ದದ ಪ್ರಶ್ನೆ ಕೇಳಿದರು. ಶ್ರುತಿ ಬಾಯಿ ತೆರೆದಳು. ಹಾಗೆಯೇ ನಿಂತಳು. ತುಟಿ ಅಲುಗುತ್ತಿಲ್ಲ, ಕಣ್ಣು ಮಿಟುಕುತ್ತಿಲ್ಲ.

"ನಿಂತುಹೋಯ್ತು! ಲ್ಯಾಪ್‌ಟಾಪು ಕೈಕೊಟ್ಟಿತು ಭಾವ!" ಎಂದೆ.

ಭಾವ ಪರದೆಯನ್ನು ದಿಟ್ಟಿಸಿ, ಮೆಲ್ಲಗೆ ಹೇಳಿದರು: "ಅವಳ ತಲೆ ಮೇಲೆ ನೋಡು. ಫ್ಯಾನು ತಿರುಗ್ತಾ ಇದೆ. ಲಿಂಕ್ ಸರಿಯಾಗಿದೆ. ನಿಂತಿರೋದು ಅವಳೇ."

ಹೌದು, ಸಭಾಂಗಣದ ಫ್ಯಾನು ತಿರುಗುತ್ತಿತ್ತು. ಅದರ ಕೆಳಗೆ ನಮ್ಮ ಹುಡುಗಿ ಉತ್ತರ ತೋಚದೆ ಕಲ್ಲಾಗಿದ್ದಳು. ಯಂತ್ರ ಕೆಟ್ಟಿದ್ದರೆ ಸರಿಮಾಡಬಹುದಿತ್ತು. ಇದಕ್ಕೇನು ಮಾಡುವುದು? ಅವಳ ಐದು ವರ್ಷದ ಕೆಲಸ ಆ ತೆರೆದ ಬಾಯಲ್ಲಿ ನಿಂತಿತ್ತು.

"ಏನಾಯ್ತು? ಯಾಕೆ ಮಾತಾಡ್ತಿಲ್ಲ?" ಎಂದು ಅಕ್ಕ ಎದ್ದಳು. "ಅಳ್ತಿದ್ದಾಳಾ? ಯಾರಾದ್ರೂ ಹೇಳ್ರೋ!" ಎನ್ನುತ್ತಾ ಸೋಫಾದಿಂದ ನೆಟ್ಟಗೆ ಟಿವಿಯ ಕಡೆಗೆ ನಡೆದಳು. ಕೆಳಗೆ ನೋಡಲಿಲ್ಲ, ಗೋಡೆ ಹಿಡಿಯಲಿಲ್ಲ, ಕೈ ಮುಂದೆ ಚಾಚಲಿಲ್ಲ. ತನ್ನ ಮಗಳ ಮುಖವೊಂದನ್ನೇ ನೋಡುತ್ತಾ ಹಾಲನ್ನು ಅಡ್ಡ ದಾಟಿದಳು. ಹೋಗಿ, ಪರದೆಗೆ ಮೂಗು ತಾಗುವಷ್ಟು ಹತ್ತಿರ ನಿಂತು, ಶ್ರುತಿಯ ಕಣ್ಣು ಹುಡುಕಿದಳು.

"ಇಲ್ಲ. ಅಳ್ತಾ ಇಲ್ಲ," ಎಂದಳು. "ಯೋಚನೆ ಮಾಡ್ತಿದ್ದಾಳೆ. ಚಿಕ್ಕೋಳಿದ್ದಾಗ ಮಗ್ಗಿ ಹೇಳುವಾಗಲೂ ಹೀಗೇ ಬಾಯಿ ಬಿಟ್ಕೊಂಡು ನಿಲ್ತಿದ್ಲು."

ನಾನು ಅಕ್ಕನಿಗೆ ಕೊಟ್ಟ ಮಾತಿನಂತೆ ಭಾವನ ಮುಖದ ಕಡೆ ತಿರುಗಿದೆ. ಅವರು ಟಿವಿ ನೋಡುತ್ತಿರಲಿಲ್ಲ. ಮಗಳ ಜೀವನದ ಅತಿ ದೊಡ್ಡ ಪ್ರಶ್ನೆಯ ಹೊತ್ತಿನಲ್ಲಿ ಆ ಮನುಷ್ಯ ನೆಲ ನೋಡುತ್ತಿದ್ದರು. ಸೋಫಾದಿಂದ ಟಿವಿಯವರೆಗೆ, ಅಕ್ಕನ ಕಾಲು ಹೋದ ದಾರಿಯನ್ನೇ ನೋಡುತ್ತಿದ್ದರು. ಒಂದು ಕೈ ಕುರ್ಚಿಯಿಂದ ಅರ್ಧ ಮೇಲೆದ್ದಿತ್ತು, ಬಿದ್ದರೆ ಹಿಡಿಯಲು. ನನ್ನ ಕೇಬಲ್ಲು ಹಾಯಬೇಕಿದ್ದದ್ದು ಸರಿಯಾಗಿ ಆ ದಾರಿಗೆ ಅಡ್ಡಲಾಗಿ.

ಅಕ್ಕ ಟಿವಿ ಮುಟ್ಟಿದ ಮೇಲೆ ಆ ಕೈ ಕೆಳಗಿಳಿಯಿತು. ಆಗ ಭಾವ ತಲೆಯೆತ್ತಿದರು. ಅಷ್ಟರಲ್ಲಿ ಶ್ರುತಿ ಮಾತಾಡುತ್ತಿದ್ದಳು. ಒಂದೇ ಉಸಿರಿಗೆ ಏನೇನೋ ಹೇಳಿದಳು. ಕನ್ನಡಕದವರು ತಲೆದೂಗಿದರು. ಕೊನೆಗೆ ಎಲ್ಲರೂ ಎದ್ದು ನಿಂತು ಅವಳ ಹೆಸರಿನ ಮುಂದೆ ಡಾಕ್ಟರ್ ಸೇರಿಸಿದಾಗ, ಅಕ್ಕ ಪರದೆಯ ಮೇಲೆ ಅಂಗೈಯಿಟ್ಟು ನಿಂತಿದ್ದಳು. ಅವಳ ಕೈಯ ಸುತ್ತ ಹಸಿರು ಸೀರೆ ಕಾಣುತ್ತಿತ್ತು.

ಸಂಜೆ ರೈಲಿಗೆ ಹೊರಟಾಗ ಭಾವ ಬಾಗಿಲವರೆಗೆ ಬಂದರು. "ಆ ವೈರು ಜೋಪಾನವಾಗಿ ತಗೊಂಡು ಹೋಗಯ್ಯ. ಚೆನ್ನಾಗಿ ಸುತ್ತಿಲ್ಲ ನೀನು, ಕೊಡಿಲ್ಲಿ" ಎಂದು ಬ್ಯಾಗಿನಿಂದ ತೆಗೆದು, ತಾವೇ ಸುತ್ತಿ, ದಾರದಿಂದ ಅವರ ಗಂಟು ಹಾಕಿ ಕೊಟ್ಟರು. ಬೆರಳುಗಳು ಅದನ್ನು ಬಿಡಲು ಸ್ವಲ್ಪ ಹೊತ್ತು ತೆಗೆದುಕೊಂಡವು.

ಮಾರನೆಯ ಬೆಳಿಗ್ಗೆ ಮತ್ತೆ ಎದೆನೋವು ಬಂತು. ಆಸ್ಪತ್ರೆಗೆ ಹೋದರು. ಹಿಂದಿರುಗಲಿಲ್ಲ.

ಕಾರ್ಯಗಳೆಲ್ಲ ಮುಗಿದ ಮೇಲೆ ಅಕ್ಕನೊಡನೆ ಕೂತಿದ್ದಾಗ ನಾನು ಆ ನೆಲದ ಮಾತೆತ್ತಿದೆ. ಅಕ್ಕ ಹುರುಳಿಕಾಯಿಯ ನಾರನ್ನು ಬೆರಳಲ್ಲೇ ತಡವಿ ತೆಗೆಯುತ್ತಾ ಕೇಳಿಸಿಕೊಂಡಳು.

"ಮೊದಲು ನಮ್ಮ ಮನೆ ತುಂಬ ವೈರೇ ಇತ್ತಲ್ಲೋ. ಮರೆತೆಯಾ? ರೇಡಿಯೋ ಬಿಚ್ಚಿ ಹರಡಿಕೊಂಡು ಕೂತ್ರೆ ಕಾಲಿಡೋಕೆ ಜಾಗ ಇರ್ತಿರಲಿಲ್ಲ. ವೈರು ಅಂದ್ರೆ ಪ್ರಾಣ ಅವರಿಗೆ. ಕಣ್ಣಿನ ಡಾಕ್ಟರ ಹತ್ರ ಹೋಗಿ ಬಂದ್ವಿ ನೋಡು, ಆ ವಾರ ಎಲ್ಲಾ ಕಿತ್ತುಹಾಕಿದ್ರು. ರಿಟೈರ್ ಆದೆ, ವೈರು ನೋಡಿ ಸಾಕಾಯ್ತು ಅಂದ್ರು. ನಾನೂ ಹೌದೌದು ಅಂದೆ."

"ನಿನಗೆ ಗೊತ್ತಿತ್ತಾ? ಅವರಿಗೆ ಹೇಳಲೇ ಇಲ್ವಾ?"

"ಯಾಕೆ ಹೇಳ್ಲಿ? ಊರೆಲ್ಲ ಹುಚ್ಚ ಅಂತ ನಗ್ತಿದ್ರೂ ಖುಷಿಯಾಗಿದ್ರು. ನನ್ನ ಕಣ್ಣಿನ ಮಾತು ಯಾರ ಬಾಯಲ್ಲೂ ಬರಲಿಲ್ಲ. ಅವರಿಗೆ ಚೆನ್ನಾಗಿ ಹೇಳೋಕೆ ಬರ್ತಿದ್ದ ಸುಳ್ಳು ಅದೊಂದೇ ಕಣೋ."

ಮೊನ್ನೆ ಶ್ರುತಿ ಕೊಚ್ಚಿಯಿಂದ ಬಂದಳು. ಅವಳ ವೈವಾದ ರೆಕಾರ್ಡಿಂಗು ಸಿಕ್ಕಿತ್ತು. ಇನ್ನೊಮ್ಮೆ ನೋಡಬೇಕು ಎಂದಳು ಅಕ್ಕ. ಅಂದು ಮೊದಲ ಭಾಗ ತಪ್ಪಿಹೋಗಿತ್ತಲ್ಲ. ನನ್ನ ಬ್ಯಾಗಿನಲ್ಲಿ ಆ ಕೇಬಲ್ಲು ಇನ್ನೂ ಇದೆ, ಗಂಟು ಬಿಚ್ಚಿಲ್ಲ. ಹೊರಗೆ ತೆಗೆಯಲಿಲ್ಲ. ಶಾರದ ಚೇಚಿಯೂ ಬಂದು ಕೂತರು. ಶ್ರುತಿ ಹಳೆಯ ಲ್ಯಾಪ್‌ಟಾಪು ತೆರೆದು ಕಾದಳು. ಪಟ್ಟಿಯಲ್ಲಿ ಮೈಸೂರು ಎಂದು ತಾನಾಗಿಯೇ ಮೂಡಿತು.

ಅದನ್ನು ಒತ್ತಲು ಹೋದ ಅವಳ ಬೆರಳು ನಿಂತಿತು.

"ಅಡುಗೆಮನೆ ರೆಡಿ," ಎಂದಳು ಅಕ್ಕ.

"ಟಿವಿ ಸ್ಟೇಷನ್ ರೆಡಿ," ಎಂದೆ ನಾನು.

"ಎಂಡೆ ಟಿವಿ ಓಫ್ ಆಣ್," ಎಂದರು ಶಾರದ ಚೇಚಿ, ಕಣ್ಣೊರೆಸಿಕೊಂಡು.

ಶ್ರುತಿ ಪರದೆಯ ಕಡೆಗೆ ಬಾಗಿದಳು. ಆಮೇಲೆ, "ಕೊಚ್ಚಿ ರೆಡಿ ಅಪ್ಪಾ" ಎಂದು ಕನ್ನಡದಲ್ಲಿ ಹೇಳಿದಳು.

ಎಲ್ಲ ಕಡೆಯಿಂದಲೂ ಉತ್ತರ ಬಂದಿತ್ತು. 'ಗೋ' ಎನ್ನುವವರು ಇರಲಿಲ್ಲ.